ಮೊಜಾಂಬಿಕ್ ತೊಗರಿಗೆ ಭರವಸೆ, ನಮ್ಮದಕ್ಕೆ?

ಕೊಳಾರದ ರೈತನಿಗೆ ಮಕಾವ್ ಎಂಬ ಊರಿನ ಗೊಡವೆ ಏಕೆ ಎಂದು ಕೇಳಬಹುದು. ಪೋರ್ಚುಗೀಸರು 1999ರಲ್ಲಿ ಬಿಟ್ಟುಕೊಟ್ಟ ಆ ಊರಿನಲ್ಲಿಯೇ ಚೀನಾ 2003ರಲ್ಲಿ ಬ್ರೆಜಿಲ್, ಅಂಗೋಲಾ, ಮೊಜಾಂಬಿಕ್ ಮುಂತಾದ ಪೋರ್ಚುಗೀಸ್ ನುಡಿಯ ದೇಶಗಳನ್ನು ಕೂಡಿಸಿ ವ್ಯಾಪಾರದ ವೇದಿಕೆ ಕಟ್ಟಿತು. 2018ರಲ್ಲಿ ಅಮೆರಿಕದ ಸೋಯಾಕ್ಕೆ ಶೇ. 25ರಷ್ಟು ಸುಂಕ ಹೇರಿದಾಗ ಅದಕ್ಕೆ ಬ್ರೆಜಿಲ್ಲಿನ ಕಾಳು ಸಿದ್ಧವಿತ್ತು. ಭಾಲ್ಕಿ, ಔರಾದಗಳ ಸೋಯಾ ದರವೂ ಈ ಏರಿಳಿತಕ್ಕೆ ಹೊರತಲ್ಲ.

ನಮ್ಮ ಸರಕಾರವೂ 2016ರಲ್ಲಿ ಮೊಜಾಂಬಿಕ್ ಜೊತೆ ತೊಗರಿ ಒಪ್ಪಂದ ಮಾಡಿಕೊಂಡಿತು. 2020-21ಕ್ಕೆ 2 ಲಕ್ಷ ಟನ್ನಿನ ಗುರಿ. ಅಲ್ಲಿಯ ಬಡ ರೈತನ ಮೇಲೆ ನಮಗೆ ಮುನಿಸಿಲ್ಲ. ಆದರೆ ಅವನಿಗೆ ಐದು ವರ್ಷದ ಭರವಸೆ ಮುಂಗಡವಾಗಿ ದೊರೆತರೆ, ಇಲ್ಲಿ ಖರೀದಿ ಕೇಂದ್ರ ತೆರೆಯುವಷ್ಟರಲ್ಲಿ ಅರ್ಧ ರಾಶಿ ಅಡತಿ ಅಂಗಡಿ ಸೇರಿರುತ್ತದೆ. ಆಮದಿನ ಲೆಕ್ಕವನ್ನಾದರೂ ಮೃಗಶಿರಾ ಮಳೆಗೆ ಮೊದಲೇ ತಿಳಿಸಲಿ. ಏನು ಬಿತ್ತಬೇಕೆಂದು ರೈತ ತಾನೇ ನಿರ್ಧರಿಸುತ್ತಾನೆ.