ಗವಿಮಾನವನ ಚಿತ್ರಗಳು: ಮನೆಯಲ್ಲಿ ಕುಳಿತು ನೋಡುವಾಗ

ತನ್ನ ಪೂರ್ವಿಕರು ಹೇಗೆ ಬಾಳಿದರು ಎಂಬುದನ್ನು ಅರಿಯುವ ಹಂಬಲ ಮನುಷ್ಯನಿಗೆ ಸಹಜವಾದುದು. ಅಜ್ಜ, ಮುತ್ತಜ್ಜರ ಹೆಸರುಗಳನ್ನು ಕೇಳಿ ತಿಳಿದ ಮಗು, ಅವರಿಗೂ ಮೊದಲು ಯಾರಿದ್ದರೆಂದು ಕೇಳುತ್ತ ಹೋಗಿ ಕೊನೆಗೆ ಗವಿಯ ಬಾಗಿಲಿಗೆ ಬಂದು ನಿಲ್ಲುತ್ತದೆ. ಚಲನಚಿತ್ರ ಕಲೆಯೂ ತನ್ನ ಬಾಲ್ಯದಲ್ಲಿಯೇ ಆ ಬಾಗಿಲನ್ನು ತಟ್ಟಿತು. ಅಮೆರಿಕದ ಡಿ. ಡಬ್ಲ್ಯು. ಗ್ರಿಫಿತ್ 1912ರಲ್ಲಿ 'ಮ್ಯಾನ್ಸ್ ಜೆನೆಸಿಸ್' ಎಂಬ ಮೂಕಿ ಚಿತ್ರವನ್ನು ತಯಾರಿಸಿ, ದುರ್ಬಲನೊಬ್ಬನು ಕೋಲಿಗೆ ಕಲ್ಲನ್ನು ಸಿಕ್ಕಿಸಿ ಆಯುಧ ಮಾಡಿಕೊಂಡು ಬಲಿಷ್ಠನನ್ನು ಎದುರಿಸಿದ ಕಥೆಯನ್ನು ಹೇಳಿದನು. ತೋಳಿನ ಬಲವನ್ನು ಬುದ್ಧಿಯು ಮೀರಿಸಿದ ಆ ಗಳಿಗೆಯೇ ಇಂಥ ಚಿತ್ರಗಳ ಮೊದಲ ಆಕರ್ಷಣೆ.

ಈ ಸಾಲಿನಲ್ಲಿ ಹೆಚ್ಚು ಹೆಸರು ಪಡೆದುದು ಬ್ರಿಟನ್ನಿನ ಹ್ಯಾಮರ್ ಸಂಸ್ಥೆಯು 1966ರಲ್ಲಿ ಹೊರತಂದ 'ಒನ್ ಮಿಲಿಯನ್ ಇಯರ್ಸ್ ಬಿ.ಸಿ.' ಇದು ಅಮೆರಿಕದಲ್ಲಿ 1940ರಲ್ಲಿ ಬಂದಿದ್ದ ಚಿತ್ರವೊಂದರ ಮರುನಿರ್ಮಾಣ. ಕಥೆ ಸರಳವಾದುದು. ಬಂಡೆಗಳ ನಡುವೆ ವಾಸಿಸುವ ಕುಲದಲ್ಲಿ ಬಲವಿದ್ದವನೇ ಮೊದಲು ಉಣ್ಣುವವನು. ಮಾಂಸದ ತುಂಡಿಗಾಗಿ ತಂದೆಯೊಡನೆ ಕಾದಾಡಿದ ತುಮಾಕ್ ಎಂಬ ತರುಣನು ಕುಲದಿಂದ ಹೊರದೂಡಲ್ಪಡುತ್ತಾನೆ. ಅಲೆದಲೆದು ಕಡಲ ತೀರವನ್ನು ಸೇರಿದಾಗ, ಅಲ್ಲಿಯ ಚಿಪ್ಪಿನ ಕುಲದವರು ಅವನನ್ನು ಎತ್ತಿಕೊಂಡು ಹೋಗಿ ಉಪಚರಿಸುತ್ತಾರೆ. ಅವರು ಹಂಚಿಕೊಂಡು ಉಣ್ಣುವ ಜನ. ಕಸಿದುಣ್ಣುವುದನ್ನಷ್ಟೇ ಬಲ್ಲ ತುಮಾಕನಿಗೆ ಅದು ಹೊಸ ಲೋಕವೇ ಸರಿ. ರಾಕ್ಷಸ ಗಾತ್ರದ ಪ್ರಾಣಿಗಳಿಗಾಗಿ ಚಿತ್ರವನ್ನು ನೋಡಲು ಕುಳಿತವರಿಗೆ ಬಹುಕಾಲ ನೆನಪಿನಲ್ಲಿ ಉಳಿಯಬೇಕಾದುದು ಈ ಎರಡು ಊಟಗಳ ಅಂತರ.

ಚಿತ್ರದಲ್ಲಿ ಮಾತು ಇಲ್ಲವೆಂದೇ ಹೇಳಬಹುದು. ಪಾತ್ರಗಳು ಕೆಲವೇ ಕಲ್ಪಿತ ಶಬ್ದಗಳನ್ನು ಉಚ್ಚರಿಸುತ್ತವೆ. ಆದುದರಿಂದ ಇಂಗ್ಲಿಷ್ ಅರಿಯದ ಅಜ್ಜಿಯೂ ಅಕ್ಷರ ಕಲಿಯದ ಮೊಮ್ಮಗನೂ ಇದನ್ನು ಸಮನಾಗಿ ತಿಳಿಯಬಲ್ಲರು. ಮನೆಮಂದಿಯೆಲ್ಲ ಒಟ್ಟಿಗೆ ಕುಳಿತು ನೋಡಲು ಇದೊಂದು ಅನುಕೂಲ.

ಇನ್ನೊಂದು ಅನುಕೂಲವನ್ನು ಒದಗಿಸಿದುದು ಮನೆಯ ವೀಡಿಯೊ. 1976ರಲ್ಲಿ ಜಪಾನಿನಲ್ಲಿ ಹುಟ್ಟಿದ ವಿ.ಎಚ್.ಎಸ್. ಕ್ಯಾಸೆಟ್ಟು, ಚಿತ್ರಮಂದಿರದಲ್ಲಿ ಕ್ಷಣಮಾತ್ರದಲ್ಲಿ ಮಿಂಚಿ ಮರೆಯಾಗುತ್ತಿದ್ದ ದೃಶ್ಯವನ್ನು ನಿಲ್ಲಿಸಿ, ಹಿಂದಕ್ಕೆ ತಿರುಗಿಸಿ ನೋಡುವ ಅಧಿಕಾರವನ್ನು ಪ್ರೇಕ್ಷಕನ ಕೈಗೆ ಕೊಟ್ಟಿತು. ಆ ಯಂತ್ರದ ಕಾಲ ಮುಗಿದಿದೆ, 2016ರಲ್ಲಿ ಅದರ ತಯಾರಿಕೆಯೇ ನಿಂತಿತು. ಆದರೆ ಆ ಅಧಿಕಾರ ಡಿಸ್ಕುಗಳಲ್ಲಿ ಮುಂದುವರಿದಿದೆ. ಅಮೆರಿಕದಲ್ಲಿ ಬಿಡುಗಡೆಯಾದಾಗ ಈ ಚಿತ್ರದಿಂದ ಕತ್ತರಿಸಿದ್ದ ಸುಮಾರು 9 ನಿಮಿಷಗಳ ಭಾಗವನ್ನೂ ಇಂದು ಡಿಸ್ಕುಗಳಲ್ಲಿ ಕಾಣಬಹುದು.

ನಿಲ್ಲಿಸಿ ನೋಡಿದಾಗ ಕಾಣುವುದು ರೇ ಹ್ಯಾರಿಹೌಸೆನ್ (1920–2013) ಎಂಬ ಕುಶಲಿಯ ಕೈಕೆಲಸ. ಬಾಲಕನಾಗಿದ್ದಾಗ 1933ರ 'ಕಿಂಗ್ ಕಾಂಗ್' ಚಿತ್ರವನ್ನು ಕಂಡು ಬೆರಗಾದ ಅವರು ಆ ವಿದ್ಯೆಗೇ ಬಾಳನ್ನು ಮುಡಿಪಾಗಿಟ್ಟರು. ಲೋಹದ ಕೀಲುಗಳ ಮೇಲೆ ರಬ್ಬರಿನ ಚರ್ಮ ಹೊದಿಸಿದ ಬೊಂಬೆಯನ್ನು ಕೂದಲೆಳೆಯಷ್ಟು ಸರಿಸಿ ಒಂದು ಚಿತ್ರ ತೆಗೆಯುವುದು, ಮತ್ತೆ ಸರಿಸಿ ಮತ್ತೊಂದು ತೆಗೆಯುವುದು. ತೆರೆಯ ಮೇಲೆ ಒಂದು ಸೆಕೆಂಡಿಗೆ 24 ಚಿತ್ರಗಳು ಓಡುತ್ತವೆ, ಒಂದು ನಿಮಿಷಕ್ಕೆ 1,440. ಕಡಲತೀರದ ಜನರ ಮೇಲೆ ಎರಗುವ ಅಲೋಸಾರಸ್ ಪ್ರಾಣಿಯ ಒಂದೊಂದು ಹೆಜ್ಜೆಯ ಹಿಂದೆಯೂ ಇಂಥ ತಾಳ್ಮೆಯಿದೆ. 1940ರ ಚಿತ್ರದಲ್ಲಾದರೋ ಜೀವಂತ ಹಲ್ಲಿ, ಮೊಸಳೆಗಳ ಮೈಗೆ ಕೃತಕ ಅಂಗಗಳನ್ನು ಅಂಟಿಸಿ ಕಾದಾಡಲು ಬಿಟ್ಟಿದ್ದರು. ಮೂಕಪ್ರಾಣಿಗಳ ಆ ನೋವಿನ ದೃಶ್ಯಗಳನ್ನು ಮುಂದೆ ಅನೇಕ ಚಿತ್ರಗಳಲ್ಲಿ ಮತ್ತೆ ಮತ್ತೆ ಬಳಸಿಕೊಂಡರು. ಒಬ್ಬ ಕುಶಲಿಯ ಶ್ರಮವು ಎಷ್ಟು ಜೀವಗಳ ಹಿಂಸೆಯನ್ನು ತಪ್ಪಿಸಬಲ್ಲುದು ಎಂಬುದಕ್ಕೆ ಇವೆರಡನ್ನೂ ಹೋಲಿಸಿ ನೋಡಿದರೆ ಸಾಕು.

ಇಷ್ಟು ಹೇಳಿದ ಮೇಲೆ ದೋಷಗಳನ್ನು ಮರೆಮಾಚುವುದು ಉಚಿತವಲ್ಲ. ಮನುಷ್ಯನೂ ಡೈನೊಸಾರಸ್ಸೂ ಎಂದೂ ಎದುರುಬದುರಾಗಿಲ್ಲ. ಪಕ್ಷಿಗಳ ಪೂರ್ವಜರನ್ನು ಬಿಟ್ಟರೆ ಉಳಿದ ಡೈನೊಸಾರಸ್‌ಗಳು ಸುಮಾರು 6 ಕೋಟಿ 60 ಲಕ್ಷ ವರ್ಷಗಳ ಹಿಂದೆಯೇ ಅಳಿದುಹೋದವು. ನಮ್ಮ ಮಾನವಜಾತಿಗೆ ಸುಮಾರು 3 ಲಕ್ಷ ವರ್ಷಗಳ ವಯಸ್ಸು. ಇನ್ನು, ತೊಗಲಿನ ತುಂಡುಡುಗೆ ತೊಟ್ಟ ನಾಯಿಕೆ ರಾಕ್ವೆಲ್ ವೆಲ್ಚ್ ಅವರ ಚಿತ್ರವನ್ನು ಭಿತ್ತಿಪತ್ರಗಳಲ್ಲಿ ಮೆರೆಸಿಯೇ ನಿರ್ಮಾಪಕರು ಜನರನ್ನು ಸೆಳೆದರು. ಯಾವುದನ್ನು ಯಾವ ವಯಸ್ಸಿನ ಮಕ್ಕಳಿಗೆ ತೋರಿಸಬೇಕೆಂಬುದನ್ನು ತಂದೆತಾಯಿಗಳು ತಾವು ಮೊದಲು ನೋಡಿ ನಿಶ್ಚಯಿಸುವುದು ಒಳಿತು. 1981ರಲ್ಲಿ ಜ್ಯಾಂ-ಜಾಕ್ ಆನೊ ನಿರ್ದೇಶಿಸಿದ 'ಕ್ವೆಸ್ಟ್ ಫಾರ್ ಫೈರ್' ಡೈನೊಸಾರಸ್‌ಗಳನ್ನು ಕೈಬಿಟ್ಟು, ಆರಿಹೋದ ಬೆಂಕಿಯನ್ನು ಅರಸಿ ಹೊರಟ ಮೂವರ ಪ್ರಯಾಣವನ್ನು ಹೆಚ್ಚು ನಿಷ್ಠೆಯಿಂದ ಚಿತ್ರಿಸಿದೆಯಾದರೂ, ಅದು ಪ್ರಾಯಕ್ಕೆ ಬಂದವರು ಮಾತ್ರ ನೋಡತಕ್ಕ ಚಿತ್ರ.

ದೋಷವಿದೆಯೆಂದು ಚಿತ್ರವನ್ನೇ ಮನೆಯಿಂದ ದೂರವಿಡಬೇಕಾಗಿಲ್ಲ. ಹೇಳುವವರಿಲ್ಲದೆ ಮಗು ಒಂಟಿಯಾಗಿ ನೋಡಿ, ಕಂಡದ್ದನ್ನೆಲ್ಲ ನಿಜವೆಂದು ನಂಬಿ ಬೆಳೆಯುವುದೇ ಹಾನಿ. ಹಿರಿಯರೊಬ್ಬರು ಪಕ್ಕದಲ್ಲಿ ಕುಳಿತು, ಡೈನೊಸಾರಸ್ ಬಂದಾಗ ಚಿತ್ರವನ್ನು ನಿಲ್ಲಿಸಿ, "ಇದು ಕಲ್ಪನೆ, ಮಗೂ" ಎಂದರೆ ಆ ಚಿತ್ರವೇ ಪಾಠವಾಗುತ್ತದೆ. ಚಿತ್ರದ ಹೆಸರಿನಲ್ಲಿರುವ ಹತ್ತು ಲಕ್ಷ ವರ್ಷಗಳು ಎಷ್ಟು ದೂರವೆಂದು ಮಗು ಕೇಳಿದರೆ, ಉತ್ತರ ನಮ್ಮ ನಾಡಿನಲ್ಲಿಯೇ ಇದೆ. ಯಾದಗಿರಿ ಜಿಲ್ಲೆಯ ಹುಣಸಗಿಯ ಬಳಿಯ ಇಸಾಂಪುರದಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯನವರು ನಡೆಸಿದ ಉತ್ಖನನದಲ್ಲಿ, ಆದಿಮಾನವರು ಸುಣ್ಣಕಲ್ಲನ್ನು ಒಡೆದು ಆಯುಧಗಳನ್ನು ರೂಪಿಸುತ್ತಿದ್ದ ನೆಲೆ ಬೆಳಕಿಗೆ ಬಂದಿತು. ಅದರ ಕಾಲ ಸುಮಾರು 12 ಲಕ್ಷ ವರ್ಷಗಳ ಹಿಂದಿನದೆಂದು ಗಣಿಸಲಾಗಿದೆ. ಅವರ ಸುತ್ತ ಡೈನೊಸಾರಸ್‌ಗಳಿರಲಿಲ್ಲ. ಹಸಿವು ಇತ್ತು, ಕಲ್ಲು ಇತ್ತು, ಕೈ ಇತ್ತು.

ಆಗ ಆ ಚಿತ್ರದಲ್ಲಿ ಸುಳ್ಳು ಯಾವುದು, ನಿಜ ಯಾವುದು ಎಂಬುದು ಮಗುವಿಗೆ ತಾನಾಗಿಯೇ ತಿಳಿಯುತ್ತದೆ. ಪ್ರಾಣಿಗಳು ಸುಳ್ಳು. ಬಲವಿದ್ದವನು ಮೊದಲು ಉಣ್ಣಬೇಕೋ, ಎಲ್ಲರೂ ಹಂಚಿಕೊಂಡು ಉಣ್ಣಬೇಕೋ ಎಂಬ ಪ್ರಶ್ನೆ ಮಾತ್ರ ನಿಜ. ಅದಕ್ಕೆ ನಾವು ಕೊಡುವ ಉತ್ತರವನ್ನು ಮಕ್ಕಳು ದಿನವೂ ನಮ್ಮ ಮನೆಯ ಊಟದ ಪಂಕ್ತಿಯಲ್ಲಿ ನೋಡುತ್ತಿರುತ್ತಾರೆ.