ಮನೆವಾರ್ತೆ: ಮೀನಿನ ತೊಟ್ಟಿಯ ಮೇಲಣ ನೊರೆ

ದೊಡ್ಡಬಳ್ಳಾಪುರದ ವಾಚಕರೊಬ್ಬರು ತಮ್ಮ ಮನೆಯ ಗಾಜಿನ ತೊಟ್ಟಿಯ ವಿಷಯವಾಗಿ ಬರೆದು ಕೇಳಿರುವರು. ತೊಟ್ಟಿಯು ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರ. ಅದರಲ್ಲಿ ಆರು ಗೋಲ್ಡ್‌ಫಿಷ್‌ಗಳು. ನೀರಿನ ಮೇಲೆ ಸಣ್ಣ ಗುಳ್ಳೆಗಳು ಕೂಡಿಕೊಂಡು ಒಡೆಯದೆ ನಿಲ್ಲುತ್ತವೆ. ಪ್ರತಿ ಭಾನುವಾರವೂ ನೀರನ್ನೆಲ್ಲ ಚೆಲ್ಲಿ ತೊಟ್ಟಿಯನ್ನು ತೊಳೆದರೂ ಮಂಗಳವಾರದ ವೇಳೆಗೆ ನೊರೆ ಮರಳುತ್ತದೆ. ಈ ತಿಂಗಳಲ್ಲಿ ಎರಡು ಮೀನು ಸತ್ತುವೆಂದೂ, ಮಕ್ಕಳು ಬಹಳ ನೊಂದುಕೊಂಡಿರುವರೆಂದೂ ತಿಳಿಸಿರುವರು.

ಶುದ್ಧವಾದ ನೀರಿನ ಗುಳ್ಳೆ ಮೇಲಕ್ಕೆ ಬಂದೊಡನೆ ಒಡೆದುಹೋಗುವುದು. ಒಡೆಯದೆ ನಿಂತಿತೆಂದರೆ ಅದರ ಪೊರೆಯನ್ನು ಹಿಡಿದಿಡುವ ಯಾವುದೋ ವಸ್ತು ನೀರಿನಲ್ಲಿ ಕರಗಿರಬೇಕು. ಅದು ಹೊರಗಿನಿಂದ ಬಂದುದೋ ತೊಟ್ಟಿಯಲ್ಲಿಯೇ ಹುಟ್ಟಿದುದೋ ಎಂಬುದನ್ನು ಮೊದಲು ತಿಳಿಯತಕ್ಕದ್ದು. ಸಾಬೂನು ತಾಗದ ಎರಡು ಗಾಜಿನ ಶೀಸೆಗಳನ್ನು ತೆಗೆದುಕೊಂಡು, ಒಂದರಲ್ಲಿ ನಲ್ಲಿಯ ನೀರನ್ನೂ ಮತ್ತೊಂದರಲ್ಲಿ ತೊಟ್ಟಿಯ ನೀರನ್ನೂ ಅರ್ಧದಷ್ಟು ತುಂಬಿ, ಹತ್ತು ಸಲ ಬಲವಾಗಿ ಕುಲುಕಿ ಮೇಜಿನ ಮೇಲೆ ಇಡಿರಿ. ಎರಡರಲ್ಲಿಯೂ ನೊರೆ ನಿಂತರೆ ದೋಷವು ಮನೆಗೆ ಬರುವ ನೀರಿನಲ್ಲಿಯೋ ಅದನ್ನು ತುಂಬಿಟ್ಟ ಸಂಪಿನಲ್ಲಿಯೋ ಇದೆ. ತೊಟ್ಟಿಯ ನೀರಿನಲ್ಲಿ ಮಾತ್ರ ನಿಂತರೆ ತೊಟ್ಟಿಯನ್ನೂ, ಅದರೊಳಕ್ಕೆ ಕೈ ಹಾಕುವವರನ್ನೂ ವಿಚಾರಿಸಬೇಕು.

ನಮ್ಮ ಕಡೆಯ ನೀರಿನ ಗುಣವನ್ನೂ ಇಲ್ಲಿ ಹೇಳಬೇಕು. ಅರ್ಕಾವತಿಯೂ ದಕ್ಷಿಣ ಪಿನಾಕಿನಿಯೂ ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟಿ ಈ ಜಿಲ್ಲೆಯನ್ನು ಹಾಯ್ದುಹೋಗುವುವಾದರೂ ವರ್ಷವಿಡೀ ನೀರು ಕೊಡತಕ್ಕವಲ್ಲ. ಬಹು ಮನೆಗಳಿಗೆ ಆಳವಾದ ಕೊಳವೆ ಬಾವಿಯೇ ಗತಿ. ನೆಲದಾಳದ ಒತ್ತಡದಲ್ಲಿದ್ದ ನೀರು ಮೇಲಕ್ಕೆ ಬಂದಾಗ ಅದರಲ್ಲಿ ಕರಗಿದ್ದ ಅನಿಲಗಳು ಹೊರಬೀಳುವುವು. ಆಗ ಗಾಜಿಗೂ ಎಲೆಗಳಿಗೂ ಮುತ್ತಿನಂತೆ ಗುಳ್ಳೆಗಳು ಅಂಟಿಕೊಳ್ಳುವುವು. ಇದು ನೊರೆಯಲ್ಲ, ಒಂದು ದಿನದಲ್ಲಿ ತಾನಾಗಿಯೇ ಅಡಗುವುದು. ಆದರೆ ಅಂಥ ಹೊಸ ನೀರನ್ನು ತೊಟ್ಟಿಯ ತುಂಬ ಒಮ್ಮೆಗೇ ಸುರಿದರೆ ಅನಿಲವು ಮೀನಿನ ಮೈಯೊಳಗೂ ಗುಳ್ಳೆಗಟ್ಟಿ ಅದನ್ನು ಕೊಲ್ಲುವುದುಂಟು. ಆದುದರಿಂದ ನೀರನ್ನು ಅಗಲವಾದ ಪಾತ್ರೆಯಲ್ಲಿ ಒಂದು ರಾತ್ರಿ ತೆರೆದಿಟ್ಟು ಬಳಸತಕ್ಕದ್ದು. ಬ್ಲೀಚಿಂಗ್ ಪುಡಿ ಹಾಕಿದ ಪುರಸಭೆಯ ನೀರಾದರೆ ಅದರ ಕ್ಲೋರಿನ್ನೂ ಇದರಿಂದ ಬಹುಮಟ್ಟಿಗೆ ಹಾರಿಹೋಗುವುದು.

ಗಡಸು ನೀರಿನಲ್ಲಿ ಸಾಬೂನು ನೊರೆಗಟ್ಟದೆಂಬುದನ್ನು ಗೃಹಿಣಿಯರೆಲ್ಲರೂ ಬಲ್ಲರು. ಬಟ್ಟೆ ಒಗೆಯುವ ಈಗಿನ ಪುಡಿಗಳು ಹಾಗಲ್ಲ. ಎಂಥ ನೀರಿನಲ್ಲಿಯೂ ನೊರೆ ಎಬ್ಬಿಸುವುವು. ಬಟ್ಟೆ ನೆನೆಹಾಕಿದ ಬಕೆಟ್ಟಿನಲ್ಲಿಯೇ ತೊಟ್ಟಿಗೆ ನೀರು ಹೊತ್ತರೆ ಅದಕ್ಕೆ ಅಂಟಿದ ಚೂರು ಪುಡಿಯೇ ಸಾಕು. ಬೆಳ್ಳಂದೂರು ಕೆರೆಯ ಕೋಡಿಯಲ್ಲಿ ಇಂಥ ಪುಡಿಗಳ ಅಂಶವುಳ್ಳ ಕೊಳಚೆ ನೀರು ಧುಮುಕಿ ಏಳುವ ನೊರೆಯು 2015ರಲ್ಲಿ ರಸ್ತೆಗೆ ಹಾರಿ ಬಂದುದನ್ನೂ, ಅದಕ್ಕೆ ಬೆಂಕಿ ಹತ್ತಿದುದನ್ನೂ ವಾಚಕರು ಮರೆತಿರಲಾರರು. ರಾಸಾಯನಿಕ ಬೇಡವೆಂದು ಕೆಲವರು ತೊಟ್ಟಿಯನ್ನು ಅಂಟುವಾಳದ ಕಾಯಿಯಿಂದ ಉಜ್ಜುವುದುಂಟು. ಇದು ಇನ್ನೂ ಕೆಟ್ಟದ್ದು. ಅಂಟುವಾಳದ ನೊರೆಯ ಸತ್ವವು ಮೀನಿನ ಕಿವಿರಿಗೆ ವಿಷ. ತೊಟ್ಟಿಗೆಂದೇ ಒಂದು ಬಕೆಟ್ಟನ್ನೂ ಒಂದು ಬಟ್ಟೆಯನ್ನೂ ಬೇರೆಯಾಗಿಡಿರಿ. ಒಳಗೆ ಕೈ ಹಾಕುವ ಮೊದಲು ಬರಿಯ ನೀರಿನಲ್ಲಿ ತೊಳೆದುಕೊಳ್ಳಿರಿ.

ಇಷ್ಟಾದರೂ, ನಮ್ಮ ವಾಚಕರ ತೊಟ್ಟಿಯಲ್ಲಿ ಮುಖ್ಯವಾದ ಕಾರಣವು ಆಹಾರವೆಂದೇ ನನ್ನ ಎಣಿಕೆ. ತಿಂದು ಉಳಿದ ಕಾಳು, ಮೀನಿನ ಮಲ, ಕೊಳೆತ ಎಲೆ, ಕಲ್ಲಿನ ಸಂದಿಯಲ್ಲಿ ಸತ್ತ ಬಸವನಹುಳು, ಇವುಗಳಿಂದ ಪ್ರೋಟೀನು ನೀರಿಗೆ ಇಳಿದು, ಗಾಳಿಯ ಪಂಪು ಕಲಕಿದೊಡನೆ ಮೊಟ್ಟೆಯ ಬಿಳಿಯನ್ನು ಕಡೆದಂತೆ ನೊರೆಯಾಗುವುದು. ಕಲ್ಯಾಣಿಯ ಮೀನಿಗೆ ಪುರಿ ಎರಚುವ ಅಭ್ಯಾಸದಿಂದ ಮನೆಯ ತೊಟ್ಟಿಗೂ ಪುರಿ, ಬ್ರೆಡ್ಡು, ಅನ್ನದ ಅಗುಳು ಹಾಕುವವರುಂಟು. ಮನೆಯಲ್ಲಿ ನಾಲ್ವರಿದ್ದರೆ ನಾಲ್ವರೂ ಹಾಕುವರು! ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟನ್ನು ದಿನಕ್ಕೊಮ್ಮೆ, ಒಬ್ಬರೇ ಹಾಕತಕ್ಕದ್ದು. ನೊರೆಗಿಂತಲೂ ಅದರ ಹಿಂದೆ ಬರುವ ಅಮೋನಿಯಾ ಅಪಾಯಕರವಾದುದು. ಕ್ಷಾರಗುಣವುಳ್ಳ ನೀರಿನಲ್ಲಿ ಅದರ ವಿಷವು ಇನ್ನೂ ಹೆಚ್ಚು.

ಈ ಅಮೋನಿಯಾವನ್ನು ತಿಂದು ಕಳೆಯುವ ಸೂಕ್ಷ್ಮಜೀವಿಗಳು ಕಲ್ಲಿನಲ್ಲಿಯೂ ಫಿಲ್ಟರಿನ ಸ್ಪಂಜಿನಲ್ಲಿಯೂ ನೆಲೆಗೊಳ್ಳಲು ನಾಲ್ಕರಿಂದ ಆರು ವಾರ ಬೇಕು. ವಾರವಾರವೂ ಎಲ್ಲವನ್ನೂ ನಲ್ಲಿಯ ಕೆಳಗೆ ತಿಕ್ಕಿ ತೊಳೆದರೆ ಅವು ನೆಲೆಗೊಳ್ಳುವುದೆಂತು? ವಾಚಕರ ಭಾನುವಾರದ ಶ್ರಮವೇ ಮೀನಿಗೆ ಮುಳುವಾಗಿರಬೇಕು. ಅವರ ತೊಟ್ಟಿ ಹಿಡಿಯುವುದು ಸುಮಾರು 56 ಲೀಟರು. ಕಲ್ಲು ಕಳೆದು 50 ಎನ್ನೋಣ. ವಾರಕ್ಕೊಮ್ಮೆ ಅದರ ನಾಲ್ಕನೆಯ ಒಂದು ಪಾಲು, ಎಂದರೆ ಒಂದು ಬಕೆಟ್ಟು ಮಾತ್ರ, ತಳದ ಕಸದೊಡನೆ ಕೊಳವೆಯಿಂದ ಎಳೆದು ತೆಗೆದು, ತೆರೆದಿಟ್ಟಿದ್ದ ನೀರನ್ನು ಹೊಯ್ಯಬೇಕು. ಸ್ಪಂಜನ್ನು ಹೀಗೆ ತೆಗೆದ ಹಳೆಯ ನೀರಿನಲ್ಲಿಯೇ ಹಿಂಡಬೇಕು. ಮೇಲಿನ ಜಿಡ್ಡಿನ ಪೊರೆಗೆ ಅಚ್ಚಿಲ್ಲದ ಬಿಳಿಯ ಕಾಗದವನ್ನು ಹಾಸಿ ಎತ್ತಿದರೆ ಅದು ಕಾಗದಕ್ಕೆ ಅಂಟಿ ಬರುವುದು. ಶೀಸೆಯ ಪರೀಕ್ಷೆಯಲ್ಲಿ ಸಾಬೂನಿನ ಪುಡಿಯೆಂದು ಗೊತ್ತಾದರೆ ಮಾತ್ರ ಹೆಚ್ಚು ನೀರನ್ನು ಬೇಗ ಬದಲಾಯಿಸತಕ್ಕದ್ದು. ಉಳಿದ ನಾಲ್ಕು ಗೋಲ್ಡ್‌ಫಿಷ್‌ಗಳಿಗೇ ಈ ತೊಟ್ಟಿ ಇಕ್ಕಟ್ಟು. ಸತ್ತವುಗಳ ಬದಲು ಹೊಸದನ್ನು ತರಬಾರದು.

ಮೀನುಗಳು ಮೇಲಕ್ಕೆ ಬಂದು ಬಾಯಿ ತೆರೆದು ಏದುತ್ತಿದ್ದರೆ ತಡಮಾಡದೆ ಒಂದು ಬಕೆಟ್ಟು ನೀರನ್ನು ಬದಲಾಯಿಸಿ ಪಂಪನ್ನು ಹೆಚ್ಚಿಸಿರಿ. ಸಮುದ್ರಮಟ್ಟದಲ್ಲಿ 25 ಡಿಗ್ರಿಯ ನೀರು ಲೀಟರಿಗೆ ಸುಮಾರು 8 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿಯಬಲ್ಲದು. ಸುಮಾರು 900 ಮೀಟರು ಎತ್ತರದ ನಮ್ಮ ಸೀಮೆಯಲ್ಲಿ ಅದಕ್ಕೂ ಹತ್ತನೆಯ ಒಂದು ಪಾಲು ಕಡಮೆ.

ಗೌರಾಮಿ ಅಥವಾ ಫೈಟರ್ ಮೀನು ಸಾಕಿದವರಿಗೆ ಒಂದು ಮಾತು. ಒಂದೇ ಮೂಲೆಯಲ್ಲಿ, ಎಲೆಯ ಕೆಳಗೆ, ಗುಳ್ಳೆಗಳು ಒತ್ತಾಗಿ ಕೂಡಿದ್ದು ಗಂಡುಮೀನು ಅದರ ಬಳಿ ಸುಳಿಯುತ್ತಿದ್ದರೆ, ಅದು ಮೊಟ್ಟೆಗಾಗಿ ಕಟ್ಟಿದ ಗೂಡು. ಅದನ್ನು ಕದಡದಂತೆ ಮಕ್ಕಳಿಗೆ ಹೇಳಿರಿ.