ಮೊದಲು ಕಿವಿ, ಆಮೇಲೆ ಕೈ

ಹಸುಗೂಸು ಮಾತನಾಡುವುದಕ್ಕೆ ಮೊದಲು ಸುಮಾರು ಒಂದು ವರ್ಷಕಾಲ ಸುಮ್ಮನೆ ಕೇಳುತ್ತದೆ. "ಬಾ" ಎಂದರೆ ಬರುತ್ತದೆ, "ತಾ" ಎಂದರೆ ತರುತ್ತದೆ. ಆಮೇಲೆ ತಾನೇ ನುಡಿಯುತ್ತದೆ. ಅಕ್ಷರದ ಸುದ್ದಿ ಬರುವುದು ಐದಾರು ವರ್ಷ ಕಳೆದ ಮೇಲೆ. ತಾಯ್ನುಡಿಯನ್ನು ನಾವೆಲ್ಲರೂ ಕಲಿತ ಕ್ರಮ ಇದು. ಇಂಗ್ಲಿಷಿನ ವಿಷಯದಲ್ಲಿ ಮಾತ್ರ ಈ ಕ್ರಮವನ್ನು ತಲೆಕೆಳಗು ಮಾಡಿದ್ದೇವೆ. ಮೊದಲ ದಿನವೇ ಸ್ಲೇಟು, ಮರುದಿನವೇ ಕಂಠಪಾಠ. ಕಿವಿಗೆ ಕೆಲಸವೇ ಇಲ್ಲ.

ನನ್ನ ಅನುಭವವನ್ನೇ ಹೇಳುತ್ತೇನೆ. ನಾನು ಪಿರಿಯಾಪಟ್ಟಣದ ಕಡೆಯ ಹಳ್ಳಿಯವನು. ಹೊಗೆಸೊಪ್ಪಿನ ಬ್ಯಾರನ್ನಿನ ಮುಂದೆ ಕುಳಿತು ಇಂಗ್ಲಿಷ್ ಪ್ರಬಂಧಗಳನ್ನು ಉರುಹಚ್ಚಿದವನು. ವ್ಯಾಕರಣದಲ್ಲಿ ಅಂಕಗಳಿಗೆ ಕೊರತೆಯಿರಲಿಲ್ಲ. ಆದರೆ ಕಾಲೇಜಿಗೆ ಸೇರಿದ ಮೊದಲ ವಾರ, ನಿನ್ನ ಊರು ಯಾವುದೆಂದು ಅಧ್ಯಾಪಕರು ಇಂಗ್ಲಿಷಿನಲ್ಲಿ ಕೇಳಿದಾಗ ಮೂಕನಂತೆ ನಿಂತೆ. ಅದೇ ಪ್ರಶ್ನೆಯನ್ನು ಕಾಗದದಲ್ಲಿ ಬರೆದು ಕೊಟ್ಟಿದ್ದರೆ ಪೂರ್ಣ ವಾಕ್ಯದಲ್ಲಿ ಉತ್ತರಿಸುತ್ತಿದ್ದೆ. ಹಿಂದಿನ ಬೆಂಚಿನ ನಗೆ ಈಗಲೂ ಕಿವಿಯಲ್ಲಿದೆ. ಮಿತ್ರರೇ, ನಿಮ್ಮಲ್ಲಿ ಎಷ್ಟು ಮಂದಿಗೆ ಹೀಗಾಗಿಲ್ಲ?

ಇದು ಬುದ್ಧಿಯ ಕೊರತೆಯಲ್ಲ, ಕೇಳದ ಕಿವಿಯ ತೊಡಕು. ನಮ್ಮ ಸೀಮೆಯ ಆಡುಮಾತಿನಲ್ಲಿ ಹಾಲು ‘ಆಲು’, ಹೆಗ್ಗಡದೇವನಕೋಟೆ ‘ಎಗ್ಗಡದೇವನಕೋಟೆ’. ಹೀಗಿರುವಲ್ಲಿ ‘ಹಾಲ್’ ಮತ್ತು ‘ಆಲ್’ ಎಂಬ ಎರಡು ಪದಗಳು ನಮ್ಮ ಮಗುವಿಗೆ ಒಂದೇ ಆಗಿ ಕೇಳಿದರೆ ಅಚ್ಚರಿಯೇನು? ಕನ್ನಡದ ಮಾತುಗಳು ಬಹುಮಟ್ಟಿಗೆ ಸ್ವರದಲ್ಲಿ ಮುಗಿಯುವುದರಿಂದ ಬಸ್ ‘ಬಸ್ಸು’ ಆಗುತ್ತದೆ, ಬುಕ್ ‘ಬುಕ್ಕು’ ಆಗುತ್ತದೆ. ಕೋಟೆಯ ಕಾಡಂಚಿನ ಹಾಡಿಗಳ ಜೇನುಕುರುಬರ ಮಗುವಿಗಂತೂ ಮನೆಯ ನುಡಿ ಒಂದು, ಶಾಲೆಯ ಕನ್ನಡ ಎರಡನೆಯದು, ಇಂಗ್ಲಿಷು ಮೂರನೆಯದು. ಅದರ ಕಿವಿಯನ್ನು ಹದಗೊಳಿಸದೆ ಕೈಗೆ ಪೆನ್ಸಿಲು ಕೊಡುವುದು ಉಳದ ಹೊಲದಲ್ಲಿ ಬಿತ್ತಿದಂತೆ.

ಕಿವಿಯ ಮೂಲಕ ಕಲಿಸುವುದು ನಮ್ಮ ಜಿಲ್ಲೆಗೆ ಹೊಸದಲ್ಲ. 1935ರಲ್ಲಿಯೇ ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾದ ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನಲ್ಲಿ ಬಾನುಲಿಯನ್ನು ಆರಂಭಿಸಿದರು. ಆಟ, ಹಾಡು, ಚಿತ್ರಪಟಗಳಿಂದ ಕಲಿಸುವ ನಲಿ-ಕಲಿ ಪದ್ಧತಿ 1995ರಲ್ಲಿ ಮೊದಲು ಕಣ್ತೆರೆದುದು ಇದೇ ಹೆಗ್ಗಡದೇವನಕೋಟೆಯಲ್ಲಿ. ಬೆಂಗಳೂರಿನಲ್ಲಿ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ 1963ರಿಂದ ಉಪಾಧ್ಯಾಯರಿಗೆ ತರಬೇತಿ ಕೊಡುತ್ತಿದೆ. 2007–08ರಿಂದ ಸರ್ಕಾರಿ ಶಾಲೆಗಳ ಒಂದನೆಯ ತರಗತಿಯಿಂದಲೇ ಇಂಗ್ಲಿಷು ಒಂದು ಭಾಷೆಯಾಗಿ ಬಂದಿದೆ. ಇಷ್ಟೆಲ್ಲ ಇದ್ದೂ ಅನೇಕ ಶಾಲೆಗಳ ಇಂಗ್ಲಿಷ್ ಪೀರಿಯಡ್ಡೆಂದರೆ ಕರಿಹಲಗೆಯಿಂದ ನಕಲು ಮಾಡುವುದೇ ಆಗಿದೆ ಎಂಬುದು ನನ್ನ ದೂರು.

ಮಾಡಬೇಕಾದುದೇನೂ ದೊಡ್ಡದಲ್ಲ. ‘ಸ್ಟ್ಯಾಂಡ್ ಅಪ್’, ‘ಟಚ್ ದ ಡೋರ್’ ಎಂದು ಉಪಾಧ್ಯಾಯರು ಹೇಳಲಿ. ಮಕ್ಕಳು ಮಾಡಿ ತೋರಿಸಲಿ. ಮಾತನಾಡಲೇಬೇಕೆಂಬ ಬಲವಂತ ಬೇಡ. ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಆಶರ್ 1960ರ ದಶಕದಲ್ಲಿ ಪ್ರಯೋಗ ಮಾಡಿ ತೋರಿಸಿದ ವಿಧಾನ ಇದು. ‘ಪೆನ್’ ಎಂದಾಗ ಎಡಗೈ, ‘ಪ್ಯಾನ್’ ಎಂದಾಗ ಬಲಗೈ ಎತ್ತುವ ಆಟವಾಡಿಸಿದರೆ ಕಿವಿ ಸೂಕ್ಷ್ಮವಾಗುತ್ತದೆ. ಮನೆ, ಅದರ ಪಕ್ಕ ಮರ, ಮರದ ಕೆಳಗೆ ಹಸು ಎಂದು ಇಂಗ್ಲಿಷಿನಲ್ಲಿ ಹೇಳುತ್ತ ಹೋದರೆ ಮಕ್ಕಳು ಕೇಳಿದಂತೆ ಚಿತ್ರ ಬರೆಯುತ್ತಾರೆ. ಯಾರಿಗೆ ಅರ್ಥವಾಯಿತೆಂಬುದು ಸ್ಲೇಟಿನಲ್ಲೇ ಕಾಣುತ್ತದೆ. ಪುಣ್ಯಕೋಟಿಯ ಕಥೆಯನ್ನು ಸುಲಭ ಇಂಗ್ಲಿಷಿನಲ್ಲಿ ಹೇಳಿದರೆ, ಕಥೆ ಮೊದಲೇ ಗೊತ್ತಿರುವುದರಿಂದ, ಹೊಸ ಮಾತುಗಳು ತಾವಾಗಿ ತಿಳಿಯುತ್ತವೆ.

ಉಪಾಧ್ಯಾಯರ ಉಚ್ಚಾರಣೆಯೇ ಸರಿಯಿಲ್ಲವಲ್ಲ ಎಂದು ಕೆಲವರು ಆಕ್ಷೇಪಿಸಬಹುದು. ನಿಜ, ಅವರೂ ನಮ್ಮಂತೆಯೇ ಕಲಿತವರು. ಆದರೆ ಮಗುವಿಗೆ ಬೇಕಾದುದು ಲಂಡನ್ನಿನ ನಾಲಗೆಯಲ್ಲ, ಸ್ಪಷ್ಟವಾದ ಮಾತು. ಮೊಬೈಲಿನಲ್ಲಿ ಧ್ವನಿಮುದ್ರಿತ ಕಥೆಗಳು ಸಿಕ್ಕುವ ಈ ಕಾಲದಲ್ಲಿ ಉಪಾಧ್ಯಾಯರೂ ಕೇಳಿ ತಿದ್ದಿಕೊಳ್ಳಬಹುದು. ಲಿಖಿತ ಪರೀಕ್ಷೆಯಲ್ಲಿ ಕಿವಿಗೆ ಅಂಕವಿಲ್ಲ ಎನ್ನುವುದು ಇನ್ನೊಂದು ಆಕ್ಷೇಪಣೆ. ಬದುಕಿನ ಸಂದರ್ಶನದಲ್ಲಿ ಇದೆ. ಮೂರು ತರಗತಿಗಳ ಮಕ್ಕಳನ್ನು ಒಂದೇ ಕೋಣೆಯಲ್ಲಿ ನೋಡಿಕೊಳ್ಳುವ ಉಪಾಧ್ಯಾಯರ ಕಷ್ಟವನ್ನು ನಾನು ಅಲ್ಲಗಳೆಯಲಾರೆ. ಅವರಿಂದ ದಿನಕ್ಕೆ ಹತ್ತು ನಿಮಿಷಗಳನ್ನು ಮಾತ್ರ ಬೇಡುತ್ತೇನೆ. ಇದರಿಂದ ಕನ್ನಡಕ್ಕೂ ಹಾನಿಯಿಲ್ಲ. ಕನ್ನಡದ ಕಥೆಯನ್ನು ಆಸಕ್ತಿಯಿಂದ ಕೇಳಿದ ಮಗುವೇ ಇಂಗ್ಲಿಷಿನ ಕಥೆಯನ್ನೂ ಕೇಳುವುದು.

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಕೋಟೆಗಳಿಂದ ಬಂದ ನಮ್ಮಲ್ಲಿ ಹಲವರು ನಾಳೆ ಉಪಾಧ್ಯಾಯರಾಗತಕ್ಕವರು. ಕನ್ನಡದಲ್ಲಿ ‘ಕೇಳು’ ಎಂದರೆ ಆಲಿಸು ಎಂದೂ ಅರ್ಥ, ಪ್ರಶ್ನಿಸು ಎಂದೂ ಅರ್ಥ. ಆಲಿಸಿ ಅರ್ಥಮಾಡಿಕೊಂಡ ಮಗುವೇ ಎದ್ದುನಿಂತು ಪ್ರಶ್ನಿಸಬಲ್ಲುದು. ನಾನು ನಿಂತಂತೆ ನಮ್ಮ ತಮ್ಮ ತಂಗಿಯರು ಮೂಕರಾಗಿ ನಿಲ್ಲದಿರಲಿ ಎಂಬುದೇ ನನ್ನ ಬಿನ್ನಹ.